ತಂಬೂರಿಯ ಬದಿಯಲ್ಲಿ

ವಚನವೆಂಬ ಪದಕ್ಕೆ ಮಾತು ಎಂಬುದೇ ಮೂಲಾರ್ಥ. ಆದರೂ ಹನ್ನೆರಡನೆಯ ಶತಮಾನದ ಶರಣರ ಬಾಳಿನಲ್ಲಿ ಮಾತಿಗೂ ನಾದಕ್ಕೂ ಇದ್ದ ಅಂತರ ಬಹಳ ಕಿರಿದು. ಕಿನ್ನರಿ ಬೊಮ್ಮಯ್ಯನವರ ಹೆಸರಿನೊಳಗೇ ವಾದ್ಯವಿದೆ. ಢಕ್ಕೆಯ ಬೊಮ್ಮಣ್ಣನವರ ಹೆಸರಿನಲ್ಲಿಯೂ ವಾದ್ಯವಿದೆ. ಸಕಳೇಶ ಮಾದರಸರನ್ನು ವೀಣೆಯಲ್ಲಿ ನಿಪುಣರಾಗಿದ್ದವರೆಂದು ಪರಂಪರೆ ಸ್ಮರಿಸುತ್ತದೆ. ಪಲ್ಲವಿ ಹಾಗೂ ನುಡಿಗಳಿಂದ ಕೂಡಿ, ಹಾಡುವುದಕ್ಕೆಂದೇ ರಚಿತವಾದ ಸ್ವರವಚನಗಳೆಂಬ ಪ್ರಕಾರವೇ ಬೇರೆ ಇದೆ. ಹೀಗಿರುವಾಗ ವಚನವನ್ನು ಹಾಡುವವರು ಅದನ್ನು ಹೇಗೆ ಹಾಡಬೇಕು, ಕೇಳುವವರು ಅದರಲ್ಲಿ ಏನನ್ನು ಕೇಳಬೇಕು ಎಂಬ ಪ್ರಶ್ನೆ ಹಳೆಯದಾದರೂ ಹಳಸಿದ್ದಲ್ಲ.

ವಿಶ್ವಗುರು ಬಸವಣ್ಣನವರ ಎರಡು ವಚನಗಳನ್ನು ಸದ್ಭಕ್ತರು ಈ ಸಂದರ್ಭದಲ್ಲಿ ನೆನೆಯಬೇಕು. ಒಂದರಲ್ಲಿ ಅವರು ತಮ್ಮ ದೇಹವನ್ನೇ ವಾದ್ಯವಾಗಿಸಿಕೊಳ್ಳಬೇಕೆಂದು ಕೂಡಲಸಂಗಮದೇವನಲ್ಲಿ ಬೇಡುತ್ತಾರೆ. ಅಲ್ಲಿ ಮೈ ದಂಡಿಗೆ, ತಲೆ ಸೋರೆಬುರುಡೆ, ನರಗಳು ತಂತಿ, ಬೆರಳು ಮೀಟುವ ಕಡ್ಡಿ. ಹೀಗೆ ಸಿದ್ಧವಾದ ವಾದ್ಯವನ್ನು ದೇವನು ಎದೆಗೊತ್ತಿಕೊಂಡು ಮೂವತ್ತೆರಡು ರಾಗಗಳನ್ನು ನುಡಿಸಬೇಕು ಎಂಬುದು ಬೇಡಿಕೆ. ಇನ್ನೊಂದರಲ್ಲಿ ಅವರೇ, ತಮಗೆ ತಾಳದ ಅಳತೆಯೂ ತಿಳಿಯದು, ಛಂದಸ್ಸಿನ ಗಣಗಳ ಲೆಕ್ಕವೂ ತಿಳಿಯದು, ಮನಸ್ಸು ಒಲಿದಂತೆ ಹಾಡುತ್ತೇನೆ ಎನ್ನುತ್ತಾರೆ. ಒಂದೆಡೆ ಮೂವತ್ತೆರಡು ರಾಗ. ಇನ್ನೊಂದೆಡೆ ತಾಳವೂ ಅರಿಯದ ಮುಗ್ಧತೆ. ಮೇಲ್ನೋಟಕ್ಕೆ ಇವು ಒಂದನ್ನೊಂದು ಒಪ್ಪದ ಮಾತುಗಳಂತೆ ತೋರುತ್ತವೆ. ಈ ಎರಡರ ನಡುವಣ ದಾರಿ ಎಲ್ಲಿದೆ ಎಂಬುದು, 2022ರ ಶ್ರಾವಣ ಮಾಸದ ಒಂದು ಸೋಮವಾರ ಸಂಜೆ, ಧಾರವಾಡ ಸೀಮೆಯ ಮಠವೊಂದರ ಒಳಪಡಸಾಲೆಯಲ್ಲಿ, ನಿವೃತ್ತ ಶಾಲಾಮಾಸ್ತರರೊಬ್ಬರ ಅನುಭವಕ್ಕೆ ಬಂದಿತು.

ಅಂದು ಅಲ್ಲಿ ಸಭಾಮಂಟಪವಾಗಲಿ ಆಮಂತ್ರಣ ಪತ್ರಿಕೆಯಾಗಲಿ ಇರಲಿಲ್ಲ. ಮೂವತ್ತು ಮಂದಿ ಹಿಡಿಯುವ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಹಿರಿಯ ಗವಾಯಿಗಳೊಬ್ಬರಿಂದ ಒಂದು ತಾಸು ಗಾಯನ, ಅನಂತರ ಅವರೊಡನೆ ಸಂವಾದ ಎಂದಷ್ಟೇ ನಿಶ್ಚಯವಾಗಿತ್ತು. ಧ್ವನಿವರ್ಧಕ ಬೇಡವೆಂದು ಗವಾಯಿಗಳೇ ಮೊದಲು ತಿಳಿಸಿದ್ದರು. ಪ್ರಚಾರವನ್ನು ಬಯಸದ ಆ ಹಿರಿಯರ ಹೆಸರು ಇಲ್ಲಿ ಅಪ್ರಸ್ತುತ. ತಂದೆತಾಯಿಗಳನ್ನು ಕಳೆದುಕೊಂಡು ಒಂಬತ್ತನೆಯ ವಯಸ್ಸಿನಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಸೇರಿ, ಪೂಜ್ಯ ಪುಟ್ಟರಾಜ ಗವಾಯಿಗಳವರ ಪಾದದಡಿ ಕಲಿತವರು ಎಂದರೆ ಸಾಕು.

ಪುಣ್ಯಾಶ್ರಮದ ಕಥೆ ಕನ್ನಡಿಗರಿಗೆ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಸಂಗೀತವಿದ್ಯೆ ಪಡೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಅನಾಥರಿಗೂ ಅನ್ನ ಮತ್ತು ವಿದ್ಯೆ ಎರಡನ್ನೂ ನೀಡಿದರು. ಅದರ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರ ಶಿಷ್ಯರಾದ ಪುಟ್ಟರಾಜರ ಹೆಗಲಿಗೆ ಬಂದಿತು. ಅವರೂ ಅಂಧರೇ. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದ ವರ್ಷವೇ ಲಿಂಗೈಕ್ಯರಾಗುವವರೆಗೆ ಆರು ದಶಕಗಳಿಗೂ ಮಿಕ್ಕಿ ಅವರು ಆ ಭಾರವನ್ನು ಹೊತ್ತರು. ಪಂಚಾಕ್ಷರಿಗಳ ಶಿಷ್ಯ ಬಸವರಾಜ ರಾಜಗುರು, ಧಾರವಾಡದ ಮಲ್ಲಿಕಾರ್ಜುನ ಮನಸೂರ, ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ಮೊದಲಾದವರ ಕಂಠದಿಂದ ವಚನಗಳು ಹಿಂದೂಸ್ತಾನಿ ರಾಗಗಳಲ್ಲಿ ನಾಡಿನ ಮನೆಮನೆಗೂ ಬಂದವು. ಅಂದು ಹಾಡಿದ ಗವಾಯಿಗಳು ಆ ಪರಂಪರೆಯ ಒಂದು ಕುಡಿ.

ಇನ್ನು ಮಾಸ್ತರರ ವಿಷಯ. ಮೂವತ್ತನಾಲ್ಕು ವರ್ಷ ಹಳ್ಳಿಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವರು. ಮುಂಜಾನೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು ವಚನವನ್ನು ಮಕ್ಕಳ ಬಾಯಿಂದ ಹೇಳಿಸುವುದು ಅವರ ನೇಮವಾಗಿತ್ತು; ಹೀಗಾಗಿ ನೂರಾರು ವಚನಗಳು ಅವರಿಗೆ ಕಂಠಸ್ಥ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮೂಲಕ ಈ ಗವಾಯಿಗಳ ಧ್ವನಿಯನ್ನು ಅವರು ಮೊದಲು ಕೇಳಿದ್ದು ತಮ್ಮ ನೌಕರಿಯ ಆರಂಭದ ದಿನಗಳಲ್ಲಿ. ಅಂದಿನಿಂದ ಆ ಧ್ವನಿ ಅವರ ಮನೆಯ ಬಂಧುವಿನಂತಾಗಿತ್ತು. ಹೆಂಡತಿ ತೀರಿಕೊಂಡ ವರ್ಷ, ಮಾತನಾಡಿಸಲು ಬಂದವರೊಡನೆ ಮಾತು ಬೇಡವೆನಿಸಿದಾಗ, ಅವರು ಹಚ್ಚಿಕೊಂಡು ಕುಳಿತದ್ದು ಈ ಗವಾಯಿಗಳ ಕ್ಯಾಸೆಟ್ಟನ್ನೇ. ಆದರೆ ಎದುರಿಗೆ ಕುಳಿತು ಒಮ್ಮೆಯೂ ಕೇಳಿರಲಿಲ್ಲ.

ಕೇಳುವ ಅವಕಾಶ ಒದಗಿ ಬಂದಾಗ ಕಿವಿ ಕೈಕೊಟ್ಟಿತ್ತು. ಅರವತ್ತೈದು ದಾಟಿದ ಮೇಲೆ ನಿಧಾನವಾಗಿ ಕಡಿಮೆಯಾಗುತ್ತ ಬಂದ ಶ್ರವಣಶಕ್ತಿ ಎಪ್ಪತ್ತೊಂದರ ಹೊತ್ತಿಗೆ ಮನೆಯವರ ಮಾತೂ ತಿಳಿಯದ ಹಂತ ಮುಟ್ಟಿತ್ತು. ಮಗ ಎರಡು ಕಿವಿಗೂ ಮಷೀನು ಕೊಡಿಸಿದ್ದ. ಅದರಿಂದ ಮಾತು ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಸಂಗೀತ ಮಾತ್ರ ಕೆಟ್ಟುಹೋಯಿತು. ಇದಕ್ಕೆ ಕಾರಣವುಂಟು. ಈ ಯಂತ್ರಗಳನ್ನು ಮುಖ್ಯವಾಗಿ ಮಾತಿಗಾಗಿ ಹೊಂದಿಸಿರುತ್ತಾರೆ. ಫ್ಯಾನಿನ ಸದ್ದಿನಂತೆ ಒಂದೇ ಸಮನೆ ಬರುವ ಧ್ವನಿಯನ್ನು ಯಂತ್ರವು ಗದ್ದಲವೆಂದು ಬಗೆದು ತಗ್ಗಿಸುತ್ತದೆ. ತಂಬೂರಿಯ ನಾದವೂ ಅದಕ್ಕೆ ಗದ್ದಲವೇ! ದೀರ್ಘವಾಗಿ ನಿಲ್ಲಿಸಿದ ತಾರಸ್ವರವನ್ನು ಕೆಲವೊಮ್ಮೆ ತನ್ನೊಳಗೇ ಹುಟ್ಟಿದ ಸೀಟಿಯೆಂದು ತಿಳಿದು ಅದನ್ನು ಅಳಿಸಹೋಗುತ್ತದೆ. ಹೀಗಾಗಿ ಮಾಸ್ತರರು ಎರಡು ವರ್ಷಗಳಿಂದ ಕ್ಯಾಸೆಟ್ಟುಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದರು. ಮಠದ ಕಾರ್ಯಕ್ರಮಕ್ಕೂ ಬರುವುದು ಬೇಡವೆಂದೇ ಅವರ ಮನಸ್ಸಿನಲ್ಲಿತ್ತು. ಬಾಳಿನುದ್ದಕ್ಕೂ ಒಡನಿದ್ದ ಧ್ವನಿಯನ್ನು ಒಡಕಾಗಿ ಕೇಳುವುದಕ್ಕಿಂತ ನೆನಪಿನಲ್ಲಿ ಇಟ್ಟುಕೊಳ್ಳುವುದೇ ಲೇಸೆಂದು ಅವರು ಎಣಿಸಿದ್ದರು. ಮಗಳ ಒತ್ತಾಯಕ್ಕೆ ಬಂದು ಬಾಗಿಲ ಬಳಿ, ಕಂಬದ ಮರೆಯಲ್ಲಿ ಕುಳಿತರು.

ಗವಾಯಿಗಳು ತಂಬೂರಿಯನ್ನು ಶ್ರುತಿಗೂಡಿಸುತ್ತಿದ್ದರು. ಅದು ಮಿರಜಿನ ತಂಬೂರಿ. ಮನಸೂರರು ನೀಲಕಂಠಬುವಾ ಅವರಲ್ಲಿ ಕಲಿತ ಊರೂ ಮಿರಜೇ. ಅಲ್ಲಿಯ ಕುಶಲಕರ್ಮಿಗಳ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರಕಿದೆ. ತಂಬೂರಿಯ ಬುರುಡೆಗೆ ಬೇಕಾದ ದಪ್ಪಸಿಪ್ಪೆಯ, ತಿನ್ನಲು ಬಾರದ ಸೋರೆಕಾಯಿಗಳು ಪಂಢರಪುರ, ಮಂಗಳವೇಢೆಗಳ ಸುತ್ತಿನ ಹೊಲಗಳಲ್ಲಿ ಬೆಳೆಯುತ್ತವೆ. ಕಾಯಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಒಳಗಿನ ತಿರುಳು ಬೀಜಗಳನ್ನೆಲ್ಲ ತೆಗೆದು ಬರಿದು ಮಾಡಿದ ಮೇಲೆಯೇ ಅದು ನಾದಕ್ಕೆ ಪಾತ್ರೆಯಾಗುತ್ತದೆ. ಈ ಮಂಗಳವೇಢೆಯೇ ಬಿಜ್ಜಳನ ಕಾಲದ ಮಂಗಳವಾಡ. ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದದ್ದು ಅಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ತಲೆಯನ್ನು ಸೋರೆಯಾಗಿಸು ಎಂದು ಬೇಡಿದ ಮಹಾನುಭಾವರು ಓಡಾಡಿದ ನೆಲದಲ್ಲಿ ಇಂದಿಗೂ ಸೋರೆ ಬೆಳೆದು ತಂಬೂರಿಗೆ ಒದಗುತ್ತಿದೆ ಎಂಬುದನ್ನು ನೆನೆದಾಗ ಶರಣರ ಮಾತು ಎಷ್ಟು ಹತ್ತಿರದ ಬದುಕಿನಿಂದ ಎದ್ದು ಬಂದದ್ದು ಎಂಬುದು ಮನದಟ್ಟಾಗುತ್ತದೆ. ತಲೆ ಸೋರೆಯಾಗಬೇಕಾದರೆ ಮೊದಲು ಒಳಗಿನದು ಬರಿದಾಗಬೇಕು. ‘ನಾನು’ ಎಂಬ ತಿರುಳು ಇದ್ದಷ್ಟು ಹೊತ್ತು ನಾದ ಹೊರಡದು.

ತಂಬೂರಿಯನ್ನು ಮೀಟಲು ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಕುಳಿತಿದ್ದ, ಗವಾಯಿಗಳಲ್ಲಿ ಕಲಿಯುತ್ತಿದ್ದವನು. ಪಂಚಮ, ಎರಡು ಜೋಡಿ ಷಡ್ಜ, ಕೊನೆಯದು ಖರ್ಜ, ಹೀಗೆ ನಾಲ್ಕು ತಂತಿ. ಕುದುರೆಯ ಮೇಲೆ ತಂತಿಯಡಿ ಇರಿಸಿದ ಸಣ್ಣ ನೂಲನ್ನು ಕೂದಲೆಳೆಯಷ್ಟು ಸರಿಸಿದಾಗ ತಂತಿ ಒಮ್ಮೆಲೇ ಝೇಂಕರಿಸುತ್ತದೆ. ಆ ನೂಲನ್ನು ಸರಿಸುತ್ತಿದ್ದ ಗವಾಯಿಗಳು ತಲೆಯೆತ್ತಿದಾಗ, ಕಂಬದ ಮರೆಯಲ್ಲಿ ಕಿವಿಯ ಮಷೀನನ್ನು ತೆಗೆಯುತ್ತ ಹಾಕುತ್ತ ಇದ್ದ ಹಿರಿಯರು ಅವರ ಕಣ್ಣಿಗೆ ಬಿದ್ದರು.

“ಯಜಮಾನ್ರ, ಅಲ್ಲಿ ಯಾಕ ಕುಂತೀರಿ? ಇಲ್ಲೆ ತಂಬೂರಿ ಹಂತೇಕ ಬರ್ರಿ.”

ಮಾಸ್ತರರಿಗೆ ಕೇಳಿಸಲಿಲ್ಲ. ಪಕ್ಕದವರು ಕೈಹಿಡಿದು ಎಬ್ಬಿಸಿ ಮುಂದೆ ತಂದು ಕೂರಿಸಿದರು. ಅವರ ಮೊಣಕಾಲಿಗೂ ತಂಬೂರಿಯ ಬುರುಡೆಗೂ ಒಂದು ಗೇಣಿನ ಅಂತರ. ಗವಾಯಿಗಳು ತಮ್ಮ ಕಿವಿಯನ್ನು ಮುಟ್ಟಿ, ಮಷೀನನ್ನು ತೆಗೆಯುವಂತೆ ಸನ್ನೆ ಮಾಡಿದರು. ಮಾಸ್ತರರು ಅನುಮಾನಿಸುತ್ತಲೇ ಎರಡನ್ನೂ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡರು.

ಗಾಯನ ಯಮನ್ ರಾಗದಿಂದ ಮೊದಲಾಯಿತು. ರಾತ್ರಿಯ ಮೊದಲ ಜಾವಕ್ಕೆ ಸಲ್ಲುವ ಈ ರಾಗದ ಆಲಾಪ ಷಡ್ಜವನ್ನು ನೇರವಾಗಿ ಹಿಡಿಯದೆ ಮಂದ್ರದ ನಿಷಾದದಿಂದ ರಿಷಭ, ಗಾಂಧಾರಗಳತ್ತ ಏರುತ್ತದೆ. ಮೊದಲು ಮಾಸ್ತರರಿಗೆ ತಿಳಿದದ್ದು ಖರ್ಜದ ತಂತಿಯ ಮೊಳಗು ಮಾತ್ರ. ಅದು ಕಿವಿಗಿಂತ ಮೊದಲು ಎದೆಗೂ ನೆಲಕ್ಕೆ ಊರಿದ ಅಂಗೈಗೂ ತಾಕಿತು. ಅದರ ಮೇಲೆ ನಿಧಾನವಾಗಿ ಗವಾಯಿಗಳ ಧ್ವನಿ ಮೂಡಿ ಬಂದಿತು. ಅದು ರೇಡಿಯೋದ ಧ್ವನಿಯಾಗಿರಲಿಲ್ಲ. ಅಂಚುಗಳು ಸವೆದಿದ್ದವು, ಮೇಲಿನ ಸ್ವರಗಳು ಮಬ್ಬಾಗಿದ್ದವು. ಆದರೆ ಒಡಕಿರಲಿಲ್ಲ. ಎರಡು ವರ್ಷಗಳ ಅನಂತರ ಸ್ವರವೊಂದು ನಡುಗದೆ, ಕತ್ತರಿಸಿಹೋಗದೆ ಅವರ ಬಳಿಗೆ ಬಂದಿತ್ತು. ಮಾಸ್ತರರ ಬೆನ್ನು ನೆಟ್ಟಗಾಯಿತು.

ಅರ್ಧ ತಾಸಿನ ಮೇಲೆ ಗವಾಯಿಗಳು ವಚನವನ್ನು ಎತ್ತಿಕೊಂಡರು. ದೇಹವೇ ದಂಡಿಗೆಯಾಗುವ ಬಸವಣ್ಣನವರ ಆ ವಚನವನ್ನೇ. ಇಲ್ಲಿ ಒಂದು ಸಂಗತಿಯನ್ನು ಸದ್ಭಕ್ತರು ಗಮನಿಸಬೇಕು. ವಯಸ್ಸಿನಿಂದ ಕಿವಿ ಮಂದವಾದಾಗ ಮೊದಲು ಕಳೆದುಹೋಗುವುದು ಎತ್ತರದ ಧ್ವನಿಗಳು. ಸಕಾರ, ತಕಾರ, ಕಕಾರಗಳಂತಹ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಅಕಾರ, ಓಕಾರಗಳಂತಹ ಸ್ವರಾಕ್ಷರಗಳ ಬಲ ತಗ್ಗಿನ ಧ್ವನಿಗಳಲ್ಲಿರುವುದರಿಂದ ಅವು ಬಹುಕಾಲ ಉಳಿದಿರುತ್ತವೆ. ಆದ್ದರಿಂದ ಗವಾಯಿಗಳ ಕಂಠದಿಂದ ಮಾಸ್ತರರಿಗೆ ದೊರೆತದ್ದು ಸ್ವರಗಳು ಮಾತ್ರ. ವ್ಯಂಜನಗಳನ್ನೆಲ್ಲ ತುಂಬಿಕೊಟ್ಟದ್ದು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಅವರದೇ ನೆನಪು. ರಾಗ ಹೊರಗಿನಿಂದ ಬರುತ್ತಿತ್ತು. ವಚನ ಒಳಗಿನಿಂದ ಏಳುತ್ತಿತ್ತು. ಎರಡೂ ಎಲ್ಲಿ ಸಂಧಿಸುತ್ತಿವೆ ಎಂಬುದು ಅವರಿಗೇ ತಿಳಿಯದಂತಾಗಿತ್ತು.

ಕೊನೆಯ ಸಾಲಿಗೆ ಬಂದಾಗ ಗವಾಯಿಗಳು ಸ್ವರವನ್ನು ತಾರಷಡ್ಜದಲ್ಲಿ ನಿಲ್ಲಿಸಿದರು. ಎಪ್ಪತ್ತಾರರ ಶ್ವಾಸ. ಅಲ್ಲಿಂದ ಇಳಿದು ಅಂಕಿತವನ್ನು ಮುಟ್ಟುವ ಮೊದಲೇ ಉಸಿರು ತೀರಿತು. ಧ್ವನಿ ನಿಂತುಹೋಯಿತು. ತಬಲಾದವರ ಕೈ ನಿಧಾನವಾಯಿತು. ಹುಡುಗ ಮಾತ್ರ ತಂಬೂರಿ ಮೀಟುತ್ತಲೇ ಇದ್ದ. ಆ ಕ್ಷಣದಲ್ಲಿ ಮಾಸ್ತರರು, ತಮ್ಮ ಧ್ವನಿ ಎಷ್ಟು ದೊಡ್ಡದೆಂಬ ಅರಿವಿಲ್ಲದೆ, ಶಾಲೆಯ ಅಂಗಳದಲ್ಲಿ ನಿಂತು ಹೇಳಿಕೊಡುವ ಪರಿಯಲ್ಲಿ, “ಕೂಡಲಸಂಗಮದೇವಾ” ಎಂದುಬಿಟ್ಟರು.

ಅದರಲ್ಲಿ ರಾಗವಿರಲಿಲ್ಲ, ತಾಳವೂ ಇರಲಿಲ್ಲ. ಒಂದಿಬ್ಬರು ಹುಬ್ಬೇರಿಸಿ ಹಿಂತಿರುಗಿ ನೋಡಿದರು. ಮಗಳು ತಂದೆಯ ಭುಜ ಮುಟ್ಟಲು ಕೈ ಚಾಚಿದಳು. ಗವಾಯಿಗಳು ಅಷ್ಟರಲ್ಲಿ ಕಣ್ಣುಮುಚ್ಚಿ, ಮಾಸ್ತರರ ಮಾತು ಬಿದ್ದ ತಗ್ಗಿನ ಸ್ವರವನ್ನೇ ಹಿಡಿದು, ಅದೇ ಅಂಕಿತವನ್ನು ಅಲ್ಲಿಂದ ಹಾಡಿದರು. ಮೂರು ಬಾರಿ ಹಾಡಿದರು. ಮೂರನೆಯ ಬಾರಿಗೆ ಪಡಸಾಲೆಯಲ್ಲಿದ್ದವರೆಲ್ಲರೂ ದನಿಗೂಡಿಸಿದರು.

ಗಾಯನದ ಅನಂತರ ಪ್ರಸಾದದ ಹಾಲು ಬಂದಿತು. ಕಾಲೇಜಿನ ಅಧ್ಯಾಪಕರೊಬ್ಬರು ಸಂವಾದವನ್ನು ನಡೆಸಿಕೊಟ್ಟರು. ಮಾಸ್ತರರು ಈಗ ಮಷೀನನ್ನು ಮತ್ತೆ ಹಾಕಿಕೊಂಡಿದ್ದರು. ಮಾತಿಗೆ ಅದು ಬೇಕಷ್ಟೆ. ಧ್ವನಿವರ್ಧಕ ಬೇಡವೆಂದದ್ದು ಏಕೆ ಎಂಬುದು ಮೊದಲ ಪ್ರಶ್ನೆ. ಗವಾಯಿಗಳು ಹೇಳಿದ್ದು ಇಷ್ಟು: ತಾರುಣ್ಯದಲ್ಲಿ ಬಿಳಿ ಎರಡರ ಶ್ರುತಿಯಲ್ಲಿ ಹಾಡುತ್ತಿದ್ದವರು ಈಗ ಬಿಳಿ ಒಂದಕ್ಕೆ ಇಳಿದಿದ್ದಾರೆ. ಮೈಕು ಇದ್ದರೆ ಈ ಇಳಿತವನ್ನು ಮುಚ್ಚಬಹುದು. ಮುಚ್ಚಿದರೆ ಕೇಳುವವರಿಗೆ ಧ್ವನಿ ದೊರೆಯುತ್ತದೆ, ಹಾಡುವವನು ದೊರೆಯುವುದಿಲ್ಲ. ಆದ್ದರಿಂದ ವಯಸ್ಸಾದ ಮೇಲೆ ಹತ್ತಿರ ಕುಳಿತವರಿಗೆ ಮಾತ್ರ ಹಾಡುವುದೆಂದು ಅವರು ನಿಶ್ಚಯಿಸಿಕೊಂಡಿದ್ದಾರೆ.

ಎರಡನೆಯ ಪ್ರಶ್ನೆ ತುಸು ಹರಿತವಾಗಿತ್ತು. ವಚನವನ್ನು ರಾಗಕ್ಕೆ ಒಗ್ಗಿಸುವಾಗ ಪದಗಳು ತುಂಡಾಗುತ್ತವೆ, ಅರ್ಥ ಮರೆಯಾಗುತ್ತದೆ, ಕೇಳುವವರು ತಾನುಗಳಿಗೆ ತಲೆದೂಗುತ್ತಾರೆ. ಇದು ಶರಣರ ಮಾತಿಗೆ ಅಪಚಾರವಲ್ಲವೇ ಎಂದು ಅಧ್ಯಾಪಕರು ಕೇಳಿದರು. ಇಂತಹ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಶರಣರು ವೇದಿಕೆಯ ಗಾಯಕರಾಗಿರಲಿಲ್ಲ. ಅವರಿಗೆ ನಡೆಯೊಡನೆ ಕೂಡದ ನುಡಿ ಎಷ್ಟು ಮಧುರವಾಗಿದ್ದರೂ ನುಡಿಯೇ ಅಲ್ಲ. ಗವಾಯಿಗಳು ಕೂಡಲೇ ಉತ್ತರಿಸಲಿಲ್ಲ. ಮಾಸ್ತರರ ಕಡೆ ತಿರುಗಿ ಕೇಳಿದರು:

“ಮಾಸ್ತರ್‌ರ, ನಿಮಗ ನನ್ನ ಅಕ್ಷರ ಎಷ್ಟು ತಿಳಿದ್ವು?”

“ಖರೇ ಹೇಳಬೇಕಂದ್ರ ಒಂದೂ ತಿಳೀಲಿಲ್ರೀ ಗವಾಯಿಗಳ. ದನಿ ಅಷ್ಟ ಬಂತು. ಅಕ್ಷರ ನನ್ನವ ಇದ್ದುವು.”

“ಮತ್ತ ಅಂಕಿತ ಹೇಳಿದ್ರಿ?”

“ನೀವು ನಿಂತ್ರಿ. ಬಾಯಿಗೆ ಬಂತು. ತಪ್ಪಾಗಿದ್ರ...”

“ತಪ್ಪೆಲ್ಲಿ ಬಂತ್ರೀ? ನನಗ ಉಸಿರು ಸಾಲಲಿಲ್ಲ, ನಿಮಗ ಕಿವಿ ಸಾಲಲಿಲ್ಲ. ಇಬ್ಬರ ಕೂಡಿ ಒಂದು ವಚನ ಮುಗಿಸಿದ್ವಿ.” ಅನಂತರ ಅಧ್ಯಾಪಕರತ್ತ ನೋಡಿ ಹೇಳಿದರು: “ಸರ, ನೀವು ಹೇಳಿದ್ದು ಬರೋಬರಿ ಐತಿ. ವಚನ ಗೊತ್ತಿಲ್ಲದವರ ಮುಂದ ನಾ ಹಾಡಿದ್ರ ಅವರಿಗೆ ರಾಗ ಅಷ್ಟ ಸಿಗತೈತಿ. ಇವರಂಥವರು ಮುಂದ ಕುಂತ್ರ ರಾಗಕ್ಕ ವಚನ ಸಿಗತೈತಿ. ಈಗ ನನ್ನ ಚಿಂತಿ ಅಂದ್ರ ಈ ಹುಡುಗಂದು. ಇವಗ ಐವತ್ತು ವಚನದ ಚಾಲಿ ಬರತೈತಿ, ಐದರ ಅರ್ಥ ಬರೂದಿಲ್ಲ.”

ತಂಬೂರಿಯ ಹಿಂದೆ ಕುಳಿತಿದ್ದ ಹುಡುಗ ತಲೆ ತಗ್ಗಿಸಿದ. ಗವಾಯಿಗಳು ಅಲ್ಲಿಯೇ ಅವನಿಗೆ ಅಪ್ಪಣೆ ಮಾಡಿದರು: ಇನ್ನು ಮುಂದೆ ಯಾವ ವಚನವನ್ನೇ ಆಗಲಿ, ಮೊದಲು ಮಾಸ್ತರರಲ್ಲಿ ಮಾತಾಗಿ ಕಲಿಯಬೇಕು; ಅದಾದ ಮೇಲೆ ತಮ್ಮಲ್ಲಿ ಹಾಡಾಗಿ ಕಲಿಯಬೇಕು. ಮಾಸ್ತರರು ಗಾಬರಿಗೊಂಡು, ತಮಗೆ ಕಿವಿ ಕೇಳದೆಂದೂ ಹುಡುಗ ಹೇಳಿದ್ದು ಸರಿಯೋ ತಪ್ಪೋ ತಿಳಿಯುವುದು ಹೇಗೆಂದೂ ಹಿಂದೆಗೆದರು. “ತುಟಿ ನೋಡ್ರಿ, ತಿಳೀತೈತಿ. ಸಾಲಿ ಕಲಿಸಿದವರು ನೀವು” ಎಂದು ಗವಾಯಿಗಳು ಮಾತು ಮುಗಿಸಿದರು.

ಆ ಸಂಜೆಯ ಬೆಳಕಿನಲ್ಲಿ ಬಸವಣ್ಣನವರ ಎರಡು ವಚನಗಳನ್ನು ಒಟ್ಟಿಗೆ ಇರಿಸಿ ನೋಡಬೇಕು. ಮೊದಲನೆಯ ವಚನದಲ್ಲಿ ನುಡಿಸುವವನು ಭಕ್ತನಲ್ಲ. ಭಕ್ತನು ದಂಡಿಗೆ ಮಾತ್ರ, ನುಡಿಸುವವನು ಕೂಡಲಸಂಗಮದೇವ. ಮೂವತ್ತೆರಡು ರಾಗಗಳ ಅರಿವು ನುಡಿಸುವವನಿಗೆ ಸೇರಿದ್ದು. ದಂಡಿಗೆಗೆ ತಾಳದ ಲೆಕ್ಕ ತಿಳಿದಿರಬೇಕೆಂಬ ನಿಯಮವಿಲ್ಲ. ತಂತಿಗೆ ರಾಗದ ಹೆಸರೂ ತಿಳಿದಿರುವುದಿಲ್ಲ. ಆದ್ದರಿಂದ ತನಗೆ ಏನೂ ತಿಳಿಯದು ಎಂಬ ಎರಡನೆಯ ವಚನದ ಮಾತು ಮೊದಲನೆಯದಕ್ಕೆ ವಿರೋಧವಲ್ಲ. ವಾದ್ಯವಾಗಲು ಒಪ್ಪಿದವನು ಆಡಬಹುದಾದ ಮಾತೇ ಅದು. ಹಾಗೆಂದು ಕಲಿಕೆ ಬೇಡವೆಂದು ಅರ್ಥವಲ್ಲ. ಸೋರೆ ಒಣಗಬೇಕು, ತಂತಿ ಬಿಗಿಯಬೇಕು, ನೂಲು ತನ್ನ ನೆಲೆಯಲ್ಲಿ ಕೂರಬೇಕು. ಗವಾಯಿಗಳ ಅರುವತ್ತೇಳು ವರ್ಷಗಳ ಸಾಧನೆಯೂ ಮಾಸ್ತರರ ಮೂವತ್ತನಾಲ್ಕು ವರ್ಷಗಳ ಕಾಯಕವೂ ಅಂತಹ ಸಿದ್ಧತೆಗಳೇ. ಸಿದ್ಧತೆಯ ಅನಂತರ ಯಾರ ಉಸಿರಿನಿಂದ, ಯಾರ ನಾಲಗೆಯಿಂದ ನಾಮ ಹೊರಡಬೇಕು ಎಂಬುದು ನುಡಿಸುವವನ ಇಚ್ಛೆ.

ಇನ್ನೊಂದು ಮಾತು. ಬಸವಣ್ಣನವರು ಹೊಸ ದಂಡಿಗೆಯಾಗಿಸು, ಗಟ್ಟಿ ತಂತಿಯಾಗಿಸು ಎಂದು ಬೇಡಲಿಲ್ಲ. ಇದ್ದ ಮೈಯನ್ನೇ, ಇದ್ದ ನರಗಳನ್ನೇ ಒಪ್ಪಿಸಿದರು. ಮುಪ್ಪಿನಲ್ಲಿ ಕಣ್ಣು, ಕಿವಿ, ಕಾಲು ಒಂದೊಂದಾಗಿ ಕೈಬಿಡುವಾಗ, ಇನ್ನು ಮಠಕ್ಕೆ ಹೋಗಿ ಮಾಡುವುದೇನು, ಪ್ರವಚನ ಕೇಳಿ ತಿಳಿಯುವುದೇನು ಎಂದು ಅನೇಕ ಹಿರಿಯರು ಮನೆಯಲ್ಲಿಯೇ ಉಳಿದುಬಿಡುತ್ತಾರೆ. ಅವರನ್ನು ಕಂಬದ ಮರೆಯಿಂದ ಎಬ್ಬಿಸಿ ಮುಂದಿನ ಸಾಲಿಗೆ ಕರೆತರುವುದು ಕಿರಿಯರು ಮಾಡಬಹುದಾದ ದಾಸೋಹ. ಅವರಲ್ಲಿರುವುದನ್ನು ಕೇಳಿ ಪಡೆಯುವುದೂ ಅದರ ಭಾಗವೇ.

ಹುಡುಗ ಈಗಲೂ ರವಿವಾರ ಮುಂಜಾನೆ ಮಾಸ್ತರರ ಮನೆಗೆ ಬರುತ್ತಾನೆ. ಕಿಟಕಿಯ ಬೆಳಕು ಅವನ ಮುಖದ ಮೇಲೆ ಬೀಳುವಂತೆ ಕೂರಿಸಿ, ಮಾಸ್ತರರು ಎದುರಿಗೆ ಕುಳಿತು ಅವನ ತುಟಿಗಳನ್ನು ನೋಡುತ್ತಾರೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ತುಟಿಯಲ್ಲಿ ಕಾಣುವುದಿಲ್ಲವಾದ್ದರಿಂದ ಅವನು ಬಾಯಿಯ ಮುಂದೆ ಅಂಗೈ ಹಿಡಿದು ಉಸಿರನ್ನು ಪರೀಕ್ಷಿಸಿಕೊಳ್ಳಬೇಕೆಂದು ಕಲಿಸಿದ್ದಾರೆ. ಅರ್ಥ ಹೇಳಿಸಿದ ಮೇಲೆಯೇ ಮುಂದಿನ ವಚನ. ಪಾಠ ಮುಗಿದಾಗ ಅವನು ತಂಬೂರಿಯನ್ನು ಗೋಡೆಗೆ ಆನಿಸಿ ಮೀಟುತ್ತಾನೆ. ಮಾಸ್ತರರು ಮಷೀನನ್ನು ತೆಗೆದಿಟ್ಟು, ಬುರುಡೆಯ ಬದಿಗೆ ಸರಿದು ಕೂರುತ್ತಾರೆ.